ನೆಲ ನೋಡೋದು ಮರೀಬೇಡಿ

ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಮಗಳ ಮನೆಗೆ ಹೋಗಿದ್ದೆ. ಅವಳ ಪಕ್ಕದ ಮನೆಯಲ್ಲಿ ವಯಸ್ಸಾದ ಯೆಹೂದಿ ದಂಪತಿ ಇದ್ದಾರೆ. ನಾನು ಬಂದ ಮೂರನೇ ದಿನವೇ ಅಜ್ಜಿ ಬಾಗಿಲು ತಟ್ಟಿದರು. "ಬರೋ ವಾರ ಪಾಸ್‌ಓವರ್ ಹಬ್ಬದ ಊಟ. ನಮ್ಮ ಹಿರಿಯರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ. ನೀವೂ ಬರಲೇಬೇಕು. ಅಷ್ಟರೊಳಗೆ ಎಲ್ಡ್ರಿಡ್ಜ್ ಸ್ಟ್ರೀಟ್ ಸಿನಗಾಗ್ ನೋಡಿ ಬನ್ನಿ. ನೆಲ ನೋಡೋದು ಮರೀಬೇಡಿ" ಅಂದರು.

ಸಬ್‌ವೇ ಇಳಿದರೆ ಸುತ್ತಲೂ ಚೀನಿ ಅಂಗಡಿಗಳು. ನಡುವೆ ಈ ಪ್ರಾರ್ಥನಾ ಮಂದಿರ. 1881ರಲ್ಲಿ ರಷ್ಯಾದ ಚಕ್ರವರ್ತಿಯ ಕೊಲೆಯಾದ ಮೇಲೆ ಅಲ್ಲಿ ಯೆಹೂದಿಗಳ ಮೇಲೆ ದಾಳಿ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟು ಇಲ್ಲಿಗೆ ಬಂದರು. ಹಾಗೆ ಪೂರ್ವ ಯೂರೋಪಿನಿಂದ ಬಂದವರು 1887ರಲ್ಲಿ ಇದನ್ನು ತೆರೆದರು. ಒಳಗೆ ಹೋದವರ ಕಣ್ಣೆಲ್ಲ ನಕ್ಷತ್ರ ತುಂಬಿದ ದೊಡ್ಡ ನೀಲಿ ಕಿಟಕಿಯ ಮೇಲೆ. ನಾನು ಬಗ್ಗಿದೆ. ಬೆಂಚುಗಳ ಮುಂದಿನ ಪೈನ್ ಹಲಗೆ ಸವೆದು ತಗ್ಗಾಗಿತ್ತು. ನಿಂತು ಹಿಂದೆ ಮುಂದೆ ತೂಗುತ್ತಾ ಪ್ರಾರ್ಥಿಸಿದವರ ಕಾಲಿನ ಗುರುತು ಅದು. ಕೈ ಇಟ್ಟೆ. ಬೆರಳು ತಗ್ಗಿನೊಳಗೆ ಇಳಿಯಿತು. ಎದ್ದು ಬರಲು ಮನಸ್ಸೇ ಆಗಲಿಲ್ಲ.

ಮರುದಿನ ದೋಣಿಯಲ್ಲಿ ಎಲ್ಲಿಸ್ ದ್ವೀಪಕ್ಕೆ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ವಲಸಿಗರು ಇಲ್ಲಿ ಇಳಿದರು. ಯೆಹೂದಿಗಳೇ ಕಟ್ಟಿದ ಹಯಾಸ್ ಎಂಬ ಸಂಸ್ಥೆ, ಭಾಷೆ ಬಾರದವರಿಗೆ ಇಲ್ಲಿ ಬಾಯಾಗಿ ನಿಂತಿತ್ತು. ಈಗ ಅದು ಯಾವ ಧರ್ಮದ ನಿರಾಶ್ರಿತರಿಗೂ ನೆರವಾಗುತ್ತದೆ.

ಹಬ್ಬದ ರಾತ್ರಿ ಅಜ್ಜ ಮಾತ್ಸಾ ಎತ್ತಿ ಹಿಡಿದರು. ಹಿಟ್ಟು, ನೀರು ಮಾತ್ರ ಕಲಸಿ, ಹುಳಿ ಬರುವ ಮೊದಲೇ ಸುಟ್ಟ ಗರಿಗರಿ ರೊಟ್ಟಿ. "ಹಸಿದವರೆಲ್ಲ ಬಂದು ಉಣ್ಣಲಿ" ಅನ್ನೋ ಸಾಲು ಓದಿದರು. ಅದು ಹೀಬ್ರೂ ಅಲ್ಲ, ಅರಮಾಯಿಕ್. ಒಂದು ಕಾಲಕ್ಕೆ ಸಾಮಾನ್ಯ ಜನ ಆಡುತ್ತಿದ್ದ ಮಾತು. ಕರೆದದ್ದು ಹಸಿದವನಿಗೆ ಅರ್ಥ ಆಗಬೇಕಲ್ವಾ?

ಆಮೇಲೆ ಯೆಹೂದಿಗಳ ಧರ್ಮಗ್ರಂಥ ತೋರಾದ ಮಾತು ಬಂತು: ಗೇರನನ್ನು (ಬೇರೆ ನಾಡಿನಿಂದ ಬಂದು ನೆಲೆಸಿದವನನ್ನು) ಹಿಂಸಿಸಬೇಡಿ, ಅವನ ಮನಸ್ಸು ನಿಮಗೆ ಗೊತ್ತು, ಈಜಿಪ್ಟಿನಲ್ಲಿ ನೀವೂ ಗೇರರೇ ಆಗಿದ್ದಿರಿ. ಗೇರನ ಬಗ್ಗೆ ತೋರಾ 36 ಸಲ ಎಚ್ಚರಿಸುತ್ತದೆ, ಕೆಲವರ ಲೆಕ್ಕದಲ್ಲಿ 46 ಸಲ ಎನ್ನುತ್ತದೆ ಹಳೆಯ ಪಂಡಿತರ ಚರ್ಚೆಗಳ ಗ್ರಂಥ ತಾಲ್ಮುಡ್. ಗೇರ್ ಅಂದರೆ ಹೊರಗಿನಿಂದ ಬಂದು ಯೆಹೂದಿ ಧರ್ಮಕ್ಕೆ ಸೇರಿಕೊಂಡವನು ಅಂತಲೂ ಹಳೆಯ ಪಂಡಿತರು ಅರ್ಥ ಹೇಳಿದ್ದಾರೆ. ಅಜ್ಜ ಅದನ್ನು ಮುಚ್ಚಿಡಲಿಲ್ಲ. "ಆದರೆ ನಾವು ಈಜಿಪ್ಟಿನಲ್ಲಿ ಯಾವ ಧರ್ಮಕ್ಕೂ ಸೇರೋಕೆ ಹೋಗಿರಲಿಲ್ಲ. ಬರ ಬಂತು, ಹೊಟ್ಟೆಪಾಡಿಗೆ ಹೋದೆವು" ಅಂದರು. ನನಗೆ ಆ ಮಾತೇ ಸರಿ ಅನ್ನಿಸಿತು.

"ನಿಮ್ಮ ಭಾಷೆಯಲ್ಲಿ ಗೇರ್‌ಗೆ ಏನಂತಾರೆ?" ಅಜ್ಜಿ ಕೇಳಿದರು. ಮಗಳು "ಪರದೇಶಿ" ಅಂದಳು. ನಮ್ಮಲ್ಲಿ ಅದಕ್ಕೆ ದಿಕ್ಕಿಲ್ಲದವನು ಅನ್ನೋ ಅರ್ಥವೂ ಇದೆ ಅಂತ ನಾನು ಸೇರಿಸಿದೆ. ಅಜ್ಜ ತಟ್ಟೆ ಸರಿಸಿ, ಪುಸ್ತಕ ತಂದು ಒಂದು ಸಾಲು ತೋರಿಸಿದರು. ಕೊಯ್ಲಿನಲ್ಲಿ ಹೊಲದಲ್ಲೇ ಮರೆತುಬಂದ ಸಿವುಡನ್ನು ತರಲು ವಾಪಸ್ ಹೋಗಬಾರದು. ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ. ಮೂವರೂ ಒಂದೇ ಸಾಲಿನಲ್ಲಿ.

ಊಟ ಮುಗಿಯಿತು. ಪ್ರವಾದಿ ಎಲೀಯನಿಗೆಂದು ಒಂದು ಲೋಟ ವೈನ್ ತುಂಬಿಟ್ಟರು. ಅವನು ಬರಲೆಂದು ಬಾಗಿಲು ತೆಗೆಯಲು ನನ್ನ ಮೊಮ್ಮಗಳನ್ನು ಕಳಿಸಿದರು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಅವಳು ಮುಚ್ಚಲು ಹೋದಳು. "ಇನ್ನೂ ಸ್ವಲ್ಪ ಹೊತ್ತು ಇರಲಿ, ಪುಟ್ಟಾ" ಅಂದರು ಅಜ್ಜಿ.