ಸ್ಕೀ ಊರಲ್ಲಿ ಖಾಲಿ ಮನೆ ಕಾಯೋ ಕೆಲಸ

ಸ್ಕೀ ಊರಲ್ಲಿ, ಅಂದ್ರೆ ಸ್ನೋ ಮೇಲೆ ಜಾರೋ ಆಟಕ್ಕೆ ಜನ ಬರೋ ಬೆಟ್ಟದ ಊರಲ್ಲಿ, ರಜೆಗೆ ಬರೋರಿಗೆ ಕೊಡೋ ಬಾಡಿಗೆ ಮನೆಗಳನ್ನ ನೋಡ್ಕೊಳ್ತೀನಿ ಅಂದ ತಕ್ಷಣ ಎಲ್ಲರೂ ಕೇಳೋದು ಗೆಸ್ಟ್‌ಗಳ ಬಗ್ಗೆನೇ. ಗಲಾಟೆ ಮಾಡ್ತಾರಾ, ಸಾಮಾನು ಒಡೀತಾರಾ, ಕೆಟ್ಟ ರಿವ್ಯೂ ಹಾಕ್ತಾರಾ ಅಂತ. ಅಂಥೋರು ಇಲ್ಲ ಅಂತಲ್ಲ, ಆದ್ರೆ ಬಹಳ ಜನ ಬೆಳಿಗ್ಗೆ ಬೆಟ್ಟದ ಮೇಲಕ್ಕೆ ಕರ್ಕೊಂಡು ಹೋಗೋ ಸ್ಕೀ ಲಿಫ್ಟ್ ಶುರುವಾಗೋ ಹೊತ್ತಿಗೆ ಮನೆ ಬಿಟ್ಟಿರ್ತಾರೆ, ಸಂಜೆ ಮೈಕೈ ನೋವು ಅಂತ ಬಂದು ಹಾಟ್ ಟಬ್‌ನಲ್ಲಿ, ಅಂದ್ರೆ ಬಿಸಿನೀರಿನ ತೊಟ್ಟಿಲಿ, ಕೂತು ಒಂಬತ್ತು ಗಂಟೆಗೆಲ್ಲ ಮಲಗಿಬಿಡ್ತಾರೆ. ನನಗೆ ನಿದ್ದೆ ಬರದೆ ಇರೋದು ಮನೇಲಿ ಜನ ಇದ್ದಾಗ ಅಲ್ಲ, ಇಲ್ಲದಾಗ. ಒಬ್ಬರು ಹೋಗಿ ಇನ್ನೊಬ್ಬರು ಬರೋ ತನಕ ಮನೆ ಒಂದಷ್ಟು ದಿನ ಖಾಲಿ ಬಿದ್ದಿರತ್ತಲ್ಲ, ಹೊರಗಡೆ ಮೈನಸ್ ಇಪ್ಪತ್ತು ಇರತ್ತಲ್ಲ, ಆಗ.

ಅದರಲ್ಲೂ ನಾನು ಜಾಸ್ತಿ ಹೆದರೋದು ಒಳ್ಳೆ ಮನಸ್ಸಿನ ಗೆಸ್ಟ್‌ಗಳಿಗೆ. ಪಾತ್ರೆ ತೊಳೆದು, ಕಸ ಕಟ್ಟಿಟ್ಟು, ಎಲ್ಲಾ ಲೈಟ್ ಆರಿಸಿ, ಪಾಪ ಸುಮ್ನೆ ಯಾಕೆ ಕರೆಂಟು ಗ್ಯಾಸು ಖರ್ಚು ಅಂತ ಹೋಗ್ತಾ ಹೀಟರನ್ನೂ ಆಫ್ ಮಾಡಿ ಹೋಗ್ತಾರೆ. ಬಿಸಿಲೂರಿಂದ ಬಂದೋರಿಗೆ ಅದು ಮರ್ಯಾದಸ್ಥರು ಮಾಡೋ ಕೆಲಸ, ಅವರ ತಪ್ಪೇನಿಲ್ಲ. ಆದ್ರೆ ಖಾಲಿ ಮನೇನೂ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋಗಬಾರದು ಅಂತ ಈ ಕೆಲಸದಲ್ಲಿರೋರೆಲ್ಲ ಇಟ್ಕೊಂಡಿರೋ ಲೆಕ್ಕ, ಯಾಕಂದ್ರೆ ಬಿಸಿ ಎಷ್ಟಿದೆ ಅಂತ ನೋಡಿ ಹೀಟರ್ ನಡೆಸೋ ಥರ್ಮೋಸ್ಟಾಟ್ ಇರೋದು ಹಾಲ್‌ನ ನಡುವೆ, ನೀರಿನ ಪೈಪ್ ಹೋಗಿರೋದು ಅಡುಗೆಮನೆ ಸಿಂಕ್ ಹಿಂದಿನ ಹೊರಗೋಡೆ ಒಳಗೆ, ಹಾಲ್‌ನಲ್ಲಿ 13 ಇದ್ದಾಗ ಆ ಗೋಡೆ ಒಳಗೆ ಎಷ್ಟಿರತ್ತೆ ಅಂತ ಯಾರಿಗೂ ಕಾಣಲ್ಲ. ಅದಕ್ಕೇ ನಾನು ಚೆಕ್ ಔಟ್ ಮೆಸೇಜ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬರೆಯೋದು ಕೀ ಬಗ್ಗೆ ಅಲ್ಲ, ಟವೆಲ್ ಬಗ್ಗೆನೂ ಅಲ್ಲ, ದಯವಿಟ್ಟು ಹೀಟರ್ ಆಫ್ ಮಾಡ್ಬೇಡಿ, ಮನೆಯ ಬಿಸಿ ಪೈಪ್ ತನಕ ಹೋಗೋ ಹಾಗೆ ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆಗೆದೇ ಬಿಟ್ಟು ಹೋಗಿ ಅಂತ.

ನೀರು ಐಸ್ ಆದ್ರೆ ಸುಮಾರು 9 ಪರ್ಸೆಂಟ್ ಹಿಗ್ಗತ್ತೆ ಅನ್ನೋದು ಸ್ಕೂಲಲ್ಲಿ ಓದಿದ್ದೇ, ಆದ್ರೆ ಪೈಪು ಸಾಮಾನ್ಯವಾಗಿ ಐಸ್ ಕಟ್ಟಿದ ಜಾಗದಲ್ಲೇ ಒಡೆಯಲ್ಲ. ಐಸಿಗೂ ಮುಚ್ಚಿರೋ ನಲ್ಲಿಗೂ ಮಧ್ಯೆ ಸಿಕ್ಕಾಕೊಂಡ ನೀರಿನ ಪ್ರೆಶರ್ ಏರ್ತಾ ಹೋಗಿ ಅಲ್ಲೆಲ್ಲೋ ಒಡೆಯತ್ತೆ, ತುಂಬಾ ಚಳಿ ರಾತ್ರಿ ನಲ್ಲಿ ಸ್ವಲ್ಪ ತೊಟ್ಟಿಕ್ಕೋ ಹಾಗೆ ಬಿಡಿ ಅನ್ನೋದು ಅದಕ್ಕೇ, ಪ್ರೆಶರ್ ಹೋಗೋಕೆ ದಾರಿ ಇರತ್ತೆ. ಇನ್ನೂ ಕೆಟ್ಟದ್ದು ಅಂದ್ರೆ ಒಡೆದಾಗ ಗೊತ್ತಾಗಲ್ಲ. ಐಸೇ ಬಿರಡೆ ಥರ ಕೂತಿರತ್ತೆ, ಎರಡು ದಿನ ಬಿಟ್ಟು ಬಿಸಿಲು ಬಂದು ಕರಗಿದ ಮೇಲೆ ನೀರು ಶುರು, ಮೇಲಿನ ಮನೇಲಿ ಒಡೆದ್ರೆ ಕೆಳಗಿನ ಎರಡು ಮನೆಯ ಸೀಲಿಂಗೂ ಹೋಯ್ತು. ಹಾಗಾಗಿ ಟೆಂಪರೇಚರ್ ಇಳಿದ್ರೆ ಫೋನಿಗೆ ಅಲಾರ್ಮ್ ಬರೋ ಸೆನ್ಸರ್ ಇಲ್ಲದ ಮನೇನ ನಾನು ಒಪ್ಕೊಳ್ಳೋದೇ ಇಲ್ಲ, ಓನರ್ ಎಷ್ಟೇ ಒಳ್ಳೆಯವರಾಗಿರ್ಲಿ. ಜಾಸ್ತಿ ದಿನ ಖಾಲಿ ಇರತ್ತೆ ಅಂತಾದ್ರೆ ಮೇನ್ ವಾಲ್ವನ್ನೇ ಮುಚ್ಚಿ ನಲ್ಲಿ ತೆಗೆದು ಪೈಪಲ್ಲಿರೋ ನೀರು ಇಳಿಸಿಬಿಡೋದು ವಾಸಿ.

ಪೈಪಿಗಿಂತ ದೊಡ್ಡ ವಿಷಯ ಒಂದಿದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಮನೆ ಬಿಸಿ ಮಾಡೋ ಹೊಸ ಗ್ಯಾಸ್ ಫರ್ನೇಸ್, ಬಾಯ್ಲರ್‌ಗಳಲ್ಲಿ ಬಹಳಷ್ಟರ ಹೊಗೆ ಹೋಗೋದು ಚಿಮಣಿಯಿಂದ ಅಲ್ಲ, ಪಕ್ಕದ ಗೋಡೆಯಿಂದ ಹೊರಗೆ ಚಾಚಿರೋ ಎರಡು ಬಿಳಿ ಪ್ಲಾಸ್ಟಿಕ್ ಪೈಪಿಂದ, ಒಂದು ಗಾಳಿ ಎಳ್ಕೊಳ್ಳೋಕೆ, ಒಂದು ಹೊಗೆ ಬಿಡೋಕೆ. ನೆಲದಿಂದ ಮೊಣಕಾಲೆತ್ತರದಲ್ಲೋ ಸೊಂಟದೆತ್ತರದಲ್ಲೋ ಇರತ್ತೆ. ರಾತ್ರಿಯೆಲ್ಲಾ ಸ್ನೋ ಬಿದ್ದು, ಮೇಲಿಂದ ಛಾವಣಿ ಮೇಲಿದ್ದದ್ದೂ ಜಾರಿ ಬಿದ್ರೆ ಆ ಪೈಪು ಪೂರ್ತಿ ಮುಚ್ಚಿಹೋಗತ್ತೆ. ಪುಣ್ಯ ಇದ್ರೆ ಫರ್ನೇಸ್ ತಾನಾಗೇ ನಿಂತು ಮನೆ ತಣ್ಣಗಾಗತ್ತೆ, ಇಲ್ಲಾಂದ್ರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಮನೆ ಒಳಗೆ ಬರತ್ತೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. 2008ರ ನವೆಂಬರ್‌ನಲ್ಲಿ ಅಮೆರಿಕದ ಕೊಲರಾಡೋದ ಆಸ್ಪೆನ್ ಹತ್ರ ರಜೆಗೆ ಅಂತ ಒಂದು ಮನೇಲಿ ಇಳ್ಕೊಂಡಿದ್ದ ಅಪ್ಪ ಅಮ್ಮ ಇಬ್ಬರು ಮಕ್ಕಳು ನಾಲ್ಕೂ ಜನ ಮಲಗಿದ್ದಲ್ಲೇ ತೀರ್ಕೊಂಡ್ರು, ಅಲ್ಲಿ ಸ್ನೋ ಅಲ್ಲ, ಬಾಯ್ಲರ್‌ನ ಹೊಗೆ ಪೈಪ್ ಬಿಟ್ಕೊಂಡಿತ್ತು, ಆ ಮನೇಲಿ ಈ ಗಾಳಿ ಬಂದ್ರೆ ಕೂಗೋ ಒಂದು ಅಲಾರ್ಮ್ ಕೆಲಸ ಮಾಡಿದ್ರೂ ಸಾಕಿತ್ತು. ಅದಾದ ಮೇಲೆ 2009ರಲ್ಲಿ ಕೊಲರಾಡೋ ಕಾನೂನು ತಂತು, ಹೊಸ ಮನೆ, ಮಾರೋ ಮನೆ, ಬಾಡಿಗೆ ಮನೆಗಳಲ್ಲಿ ಮಲಗೋ ಜಾಗದ ಹತ್ರ ಅಲಾರ್ಮ್ ಇರ್ಲೇಬೇಕು ಅಂತ. ಕಾನೂನು ಇರ್ಲಿ ಬಿಡ್ಲಿ, ಎಲ್ಲಾ ದೇಶದಲ್ಲೂ ಇದು ಮಾಡ್ಬೇಕಾದ್ದೇ. ಜೋರಾಗಿ ಸ್ನೋ ಬಿದ್ದ ಬೆಳಿಗ್ಗೆ ನಾನು ಮೊದಲು ಸ್ನೋ ತೆಗೆಯೋದು ಆ ಎರಡು ಪೈಪಿನ ಮುಂದೆ ಮತ್ತೆ ಗ್ಯಾಸ್ ಮೀಟರ್ ಸುತ್ತ, ಕಾರ್ ನಿಲ್ಸೋ ಜಾಗ ಆಮೇಲೆ, ಗೆಸ್ಟ್ ಬೈದ್ರೂ ಆಮೇಲೇ. ಮೀಟರ್ ಹತ್ರ ಸಲಿಕೆ ಬೇಡ, ಪೊರಕೆಲೇ ಗುಡಿಸ್ಬೇಕು.

ಹಾಟ್ ಟಬ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. 40 ಡಿಗ್ರಿ ಮೀರಬಾರದು, ಚಿಕ್ಕ ಮಕ್ಕಳಿಗೆ ಅಷ್ಟೂ ಜಾಸ್ತಿ, ಮುಚ್ಚಳ ಸರಿಯಾಗಿ ಮುಚ್ಬೇಕು, ಕ್ಲೋರಿನ್ ನೋಡದೆ ಮುಂದಿನ ಗೆಸ್ಟನ್ನ ಒಳಗೆ ಬಿಡಬಾರದು. ಕರೆಂಟ್ ಹೋದ್ರೆ ಮಾತ್ರ ಓಡ್ಬೇಕು, ಟಬ್ಬಲ್ಲಿರೋ ನೀರು ಬೇಗ ಐಸ್ ಆಗಲ್ಲ, ಪಂಪ್ ಮತ್ತೆ ಸಣ್ಣ ಪೈಪಲ್ಲಿರೋ ನೀರು ಆಗತ್ತೆ. ಬಾಗಿಲಿನ ಕೋಡ್ ಲಾಕಿಗೆ ಲಿಥಿಯಂ ಸೆಲ್ ಹಾಕಬಹುದು ಅಂತ ಕಂಪನಿಯವರು ಬರೆದಿದ್ರೆ ಅದನ್ನೇ ಹಾಕಿ, ಮಾಮೂಲಿ ಸೆಲ್ ಚಳಿಗೆ ಬೇಗ ಸೋತುಹೋಗತ್ತೆ, ಮಧ್ಯರಾತ್ರಿ ಮಕ್ಕಳನ್ನ ಎತ್ಕೊಂಡು ಬಾಗಿಲ ಹೊರಗೆ ನಿಂತಿರೋರ ಫೋನ್ ಬಂದಾಗ ಸೆಲ್ಲಿನ ದುಡ್ಡು ಉಳಿಸಿದ್ದು ಯಾವ ಲೆಕ್ಕಕ್ಕೂ ಬರಲ್ಲ. ಟೈರ್ ಬಗ್ಗೆನೂ ಮುಂಚೇನೇ ಹೇಳಿಬಿಡ್ಬೇಕು. ಫ್ರಾನ್ಸಲ್ಲಿ ಗುಡ್ಡಗಾಡಿನ ಬಹಳ ಊರುಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರ ತನಕ ಚಳಿಗಾಲದ ಟೈರ್ ಅಥವಾ ಜಾರದ ಹಾಗೆ ಟೈರಿಗೆ ಸುತ್ತೋ ಚೈನ್ ಬೇಕು ಅಂತ 2021ರಿಂದ ರೂಲ್ ಇದೆ, ಕೊಲರಾಡೋದ ಐ-70 ಹೈವೇಲಿ ಡಾಟ್ಸೆರೋ ಮಾರಿಸನ್ ಮಧ್ಯೆ ಸೆಪ್ಟೆಂಬರಿಂದ ಮೇ ತನಕ ಇಂಥದ್ದೇ ರೂಲು, ಏರ್‌ಪೋರ್ಟಲ್ಲಿ ಬಾಡಿಗೆಗೆ ತಗೊಂಡ ಕಾರಲ್ಲಿ ಇದೆಲ್ಲ ಇರತ್ತೆ ಅಂತ ಗೆಸ್ಟ್ ಅಂದ್ಕೊಂಡಿರ್ತಾರೆ, ಎಷ್ಟೋ ಸಲ ಇರಲ್ಲ.

ಇಷ್ಟೆಲ್ಲ ನೋಡೋಕೆ ಮನುಷ್ಯರು ಬೇಕಲ್ಲ. ಸೆನ್ಸರ್ ಬರೀ ಹೇಳತ್ತೆ, ಹೋಗಿ ನೋಡೋಕೆ ಯಾರಾದ್ರೂ ಇರ್ಬೇಕು. ಬೆಳಿಗ್ಗೆ ಹತ್ತಕ್ಕೆ ಚೆಕ್ ಔಟ್, ಸಂಜೆ ನಾಲ್ಕಕ್ಕೆ ಚೆಕ್ ಇನ್, ಶನಿವಾರ ಅಂದ್ರೆ ಊರಿನ ಎಲ್ಲಾ ಮನೆಗಳದ್ದೂ ಅದೇ ಆರು ಗಂಟೆ, ಹಾಸಿಗೆ ಹೊದಿಕೆ ಎಲ್ಲಾ ಬದಲಾಯಿಸಿ, ಐಸ್ ಕರಗೋಕೆ ರೋಡಿಗೆ ಹಾಕಿ ಬೂಟಿನ ಜೊತೆ ಒಳಗೆ ಬಂದ ಉಪ್ಪಿನ ನೀರು ಒರೆಸಿ, ಹೀಟರ್ ಮೇಲೆ ಒಣಗೋಕೆ ಹಾಕಿ ಮರೆತುಹೋದ ಸಾಕ್ಸ್ ಗ್ಲೌಸ್ ತೆಗೆದು, ಯಾವ ಕಿಟಕಿ ಸಂದಿ ಬಿಟ್ಟಿದೆ ಅಂತ ನೋಡೋರು ಕ್ಲೀನಿಂಗ್‌ನವರು. ಮನೆಗೆ ಏನಾಗಿದೆ ಅಂತ ಮೊದಲು ಗೊತ್ತಾಗೋದು ಅವರಿಗೇ. ಬಾತ್‌ರೂಮ್ ನಲ್ಲಿಲಿ ನೀರು ಸಣ್ಣಗೆ ಬರ್ತಿದೆ ಅಂತ ಅವರು ಒಂದು ಮಾತು ಹೇಳಿದ್ರೆ ಪೈಪ್ ಐಸ್ ಕಟ್ತಿದೆ ಅಂತ ಅರ್ಥ, ಇನ್ನೂ ಒಡೆದಿಲ್ಲ, ಟೈಮಿದೆ. ಅಂಥೋರಿಗೆ ಊರಲ್ಲಿ ಇರೋಕೆ ಮನೆ ಇಲ್ಲ. ಇದ್ದ ಮನೆಗಳೆಲ್ಲ ರಾತ್ರಿ ಲೆಕ್ಕದ ಬಾಡಿಗೆಗೆ ಹೋದ್ವು, ಅವರು ಕಣಿವೆ ಕೆಳಗಿನ ಊರಿಂದ ಒಂದು ಒಂದೂವರೆ ಗಂಟೆ ಡ್ರೈವ್ ಮಾಡ್ಕೊಂಡು ಬರ್ತಾರೆ, ಸ್ನೋ ಜೋರಾಗಿ ರೋಡ್ ಮುಚ್ಚಿದ ದಿನ ಬರೋಕಾಗಲ್ಲ, ಮನೆ ಕಡೆ ಕಣ್ಣಿಡ್ಬೇಕಾದ ದಿನವೂ ಅದೇ.

ಹಾಗಾಗಿ ಮನೆಗಳನ್ನ ಹೀಗೆ ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ ಕೊಡೋ ಲೈಸೆನ್ಸಿಗೆ ಊರಿನವರು ಮಿತಿ ಹಾಕೋದನ್ನ ಈ ಕೆಲಸದಲ್ಲಿರೋ ಬಹಳ ಜನ ವಿರೋಧ ಮಾಡಿದ್ರೂ ನಾನು ಅದರ ಪರ. ಸ್ವಿಟ್ಜರ್ಲೆಂಡಲ್ಲಿ 2012ರ ಮಾರ್ಚಲ್ಲೇ ಜನ ವೋಟ್ ಹಾಕಿ ಒಂದೊಂದು ಊರಲ್ಲೂ ಎರಡನೇ ಮನೆಗಳು, ಅಂದ್ರೆ ಯಾರೂ ಖಾಯಂ ವಾಸ ಇಲ್ಲದ ರಜೆ ಮನೆಗಳು, 20 ಪರ್ಸೆಂಟ್ ದಾಟಬಾರದು ಅಂತ ಮಾಡ್ಕೊಂಡ್ರು. ಕೊಲರಾಡೋದ ಬ್ರೆಕೆನ್‌ರಿಡ್ಜ್ 2021ರಲ್ಲಿ, ರಿಸಾರ್ಟ್ ಥರದ ಕೆಲವು ಬಿಲ್ಡಿಂಗ್‌ಗಳನ್ನ ಬಿಟ್ಟು, 2,200 ಲೈಸೆನ್ಸ್‌ಗೆ ಮಿತಿ ಹಾಕ್ತು. ಅದೇ ರಾಜ್ಯದ ಇನ್ನೊಂದು ಸ್ಕೀ ಊರು ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ 2022ರಲ್ಲಿ ಊರನ್ನೇ ವಲಯ ಮಾಡಿ ಎಲ್ಲಿ ಬೇಕು ಎಲ್ಲಿ ಬೇಡ ಅಂತ ಗೆರೆ ಎಳೀತು, ಅದೇ ವರ್ಷ ಜನ ಇಂಥ ಬಾಡಿಗೆ ಮೇಲೆ 9 ಪರ್ಸೆಂಟ್ ಟ್ಯಾಕ್ಸ್‌ಗೂ ವೋಟ್ ಹಾಕಿದ್ರು, ಕೆಲಸ ಮಾಡೋರಿಗೆ ಕೈಗೆಟುಕೋ ಮನೆ ಕಟ್ಟೋಕೆ ಅಂತ. ಬುಕಿಂಗ್ ಕಮ್ಮಿಯಾಗತ್ತೆ ಅನ್ನೋ ಭಯ ನನಗೂ ಅರ್ಥ ಆಗತ್ತೆ, ಆದ್ರೆ ನೋಡ್ಕೊಳ್ಳೋರಿಲ್ಲದ ಇಪ್ಪತ್ತು ಮನೆಗಿಂತ ನೋಡ್ಕೊಳ್ಳೋರಿರೋ ಹತ್ತು ಮನೆ ನಡೆಸೋದು ನನಗೆ ಎಷ್ಟೋ ಮೇಲು.

ನಾನು ನೋಡ್ಕೊಳ್ಳೋ ಒಂದು ಮನೆಯ ಓನರಮ್ಮ ಕೆಳಗಿನ ರೂಮನ್ನ ದಿನದ ಬಾಡಿಗೆಯಿಂದ ತೆಗೆದು ನಮ್ಮ ಕ್ಲೀನಿಂಗ್‌ನ ಒಬ್ಬರಿಗೆ ವರ್ಷದ ಕರಾರಿಗೆ ಕೊಟ್ಟಿದ್ದಾರೆ. ಸೀಸನ್‌ನಲ್ಲಿ ಸಿಗ್ತಿದ್ದಷ್ಟು ದುಡ್ಡು ಸಿಗಲ್ಲ, ಅದನ್ನ ಮುಚ್ಚಿಡದೆ ಮೊದಲೇ ಲೆಕ್ಕ ಹಾಕಿ ತೋರಿಸಿದ್ದೆ, ಒಪ್ಕೊಂಡ್ರು. ಈಗ ಆ ಮನೆ ಮೇಲೆ ಖಾಲಿ ಇದ್ರೂ ಕೆಳಗೆ ಜನ ಇದ್ದಾರೆ, ಹೊಗೆ ಪೈಪ್ ಮುಂದಿನ ಸ್ನೋ ನಾನು ಹೋಗೋ ಮುಂಚೇನೇ ತೆಗೆದಿರತ್ತೆ, ಆ ಕೆಲಸಕ್ಕೆ ಬೇರೆ ದುಡ್ಡು ಅಂತ ಕರಾರಲ್ಲೇ ಬರೆದಿದ್ದೀವಿ. ಮುಂದಿನ ಸೀಸನ್ ಒಳಗೆ ಇನ್ನಿಬ್ಬರು ಓನರ್‌ಗಳ ಹತ್ರ ಇದೇ ಮಾತಾಡ್ಬೇಕು. ಅದರಲ್ಲಿ ಒಂದು ಮನೆಯ ಕೆಳಗಿನ ರೂಮಿಗೆ ಬೇರೆ ಬಾಗಿಲಿಲ್ಲ, ಸ್ನೋ ಕರಗಿದ ಮೇಲೆ ಮೊದಲು ಅದನ್ನ ಹಾಕಿಸ್ಬೇಕು.