ಗುರುತು ಅಂತ ಒಂದು ಕಾಲಂ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಗುಮಾಸ್ತ. 22 ವರ್ಷ ಆಯಿತು. ಸೇರಿದಾಗ ಕೈಲಿದ್ದದ್ದು ಕೆಂಪು ರಟ್ಟಿನ ಕಿರ್ದಿ ಪುಸ್ತಕ, ಈಗ ಲ್ಯಾಪ್‌ಟಾಪು. ಸಾವ್ಕಾರರು ಇಬ್ಬರು. ದೊಡ್ಡವರಿಗೆ 70 ದಾಟಿದೆ. ಸಣ್ಣವರು ಅವರ ಮಗ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಕೊರೊನಾ ಹೊತ್ತಿಗೆ ಊರಿಗೆ ಬಂದವರು ವಾಪಸ್ ಹೋಗಲಿಲ್ಲ. ಇಬ್ಬರ ನಡುವೆ ನನ್ನ ಕುರ್ಚಿ.

ನಮ್ಮಲ್ಲಿ ಸೋಮವಾರ, ಗುರುವಾರ ವ್ಯಾಪಾರ. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಜಾಸ್ತಿ ಚೀಲ ಬರುವುದುಂಟು. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ಲಾರಿಗಳು ರಾತ್ರಿಯೇ ಬಂದು ನಿಲ್ಲುತ್ತವೆ. ಖರೀದಿದಾರರು ಲಾಟು, ಅಂದರೆ ಒಬ್ಬ ರೈತನ ಚೀಲಗಳ ರಾಶಿ, ನೋಡಿ ಟೆಂಡರ್ ಹಾಕುತ್ತಾರೆ. ಮೊದಲು ಚೀಟಿಯಲ್ಲಿ ಬರೆಯುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ. ರಾಜ್ಯದ ಮಾರುಕಟ್ಟೆಗಳನ್ನು ಆನ್‌ಲೈನಿನಲ್ಲಿ ಜೋಡಿಸಲೆಂದೇ 2014ರಲ್ಲಿ ಸರ್ಕಾರದ ಪಾಲುದಾರಿಕೆಯಲ್ಲಿ ಒಂದು ಕಂಪನಿ ಶುರುವಾಯಿತಲ್ವಾ, ಆಮೇಲಿನ ಕಾಲ ಇದು.

ಮೊದಲೆಲ್ಲ ರೈತ ಬಂದವನೇ ಗಾದಿಯ ಮುಂದೆ ನಿಂತು ‘ರೇಟ್ ಹೆಂಗೈತ್ರಿ ಸಾವ್ಕಾರ್ರ?’ ಅಂತ ಕೇಳುತ್ತಿದ್ದ. ಆ ಪ್ರಶ್ನೆಯ ಮೇಲೇ ಗಾದಿಯ ತೂಕ ನಿಂತಿತ್ತು. ಈಗ ಬರುವ ಹುಡುಗ ಗುಂಟೂರಿನ ರೇಟನ್ನು ಮೊಬೈಲಿನಲ್ಲಿ ತೆಗೆದು ಇವರಿಗೇ ತೋರಿಸುತ್ತಾನೆ. ‘ಎಲ್ಲಾ ನಿನಗ ಗೊತ್ತದ, ನಾ ಯಾಕ ಕುಂತೇನಿಲ್ಲಿ?’ ಅಂತ ದೊಡ್ಡವರು ಒಮ್ಮೆ ನಕ್ಕರು. ಅದು ಪೂರ್ತಿ ನಗು ಅಲ್ಲ ಅಂತ ನನಗೆ ಗೊತ್ತಾಯಿತು. ಆದರೆ ಅದೇ ದಿನ ಇನ್ನೊಬ್ಬರ ಚೀಲದಿಂದ ಡಬ್ಬಿ ತಳಿಯ ಒಂದು ಕಾಯಿ ತೆಗೆದು, ಕಿವಿ ಹತ್ತಿರ ಅಲುಗಾಡಿಸಿ, ಮುರಿದು ಮೂಸಿ, ‘ಇದು ಹ್ವಾದ ವರ್ಷದ ಮಾಲು, ಕೋಲ್ಡ್ ಸ್ಟೋರೇಜಿಂದು’ ಅಂದರು. ಚೀಲದವನು ತಲೆ ಕೆರೆದುಕೊಂಡ. ಯಾವ ಮೊಬೈಲೂ ಅದನ್ನು ಹೇಳಿರಲಿಲ್ಲ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ಸಣ್ಣವರು ಹೊಸ ಸಾಫ್ಟ್‌ವೇರ್ ತಂದರು. ಹೆಸರಿನ ನಾಲ್ಕು ಅಕ್ಷರ ಒತ್ತಿದರೆ ಸಾಕು, ಉಳಿದದ್ದು ತಾನೇ ಬರುತ್ತದೆ. ಫೆಬ್ರವರಿಯ ಒಂದು ಸೋಮವಾರ 60ಕ್ಕೂ ಮೇಲೆ ಲಾಟು. ಒಂದೇ ಊರಿನ ಇಬ್ಬರು ರೈತರ ಹೆಸರೂ ಒಂದೇ, ಇನಿಷಿಯಲ್ಲೂ ಒಂದೇ. ನಾನು ಮೇಲಿದ್ದದ್ದನ್ನು ಒತ್ತಿದೆ. 1,84,000 ರೂಪಾಯಿ ಇನ್ನೊಬ್ಬನ ಖಾತೆಗೆ ಹೋಯಿತು.

ಬುಧವಾರ ಅಸಲಿ ರೈತ ಬಂದ. ‘ರೊಕ್ಕ ಇನ್ನೂ ಬಂದಿಲ್ಲರೀ ಗುಮಾಸ್ತರ.’ ‘ಆಗೈತಲ್ರೀ’ ಅಂತ ಜಂಬದಿಂದ ಪರದೆ ತೋರಿಸಿದೆ. ಅವನು ಸುಮ್ನೆ ಪಾಸ್‌ಬುಕ್ ಮುಂದಿಟ್ಟ. ನನ್ನ ಎದೆ ಧಸಕ್ಕೆಂದಿತು.

ಹಳೇ ಖಾತೆ ಪುಸ್ತಕದಲ್ಲಿ ಇದು ಆಗುತ್ತಿರಲಿಲ್ಲ. ಒಬ್ಬನ ಹೆಸರಿನ ಪಕ್ಕ ‘ಹುಣಸೀಮರದ ಮನಿ’, ಇನ್ನೊಬ್ಬನ ಪಕ್ಕ ‘ಕುಂಟೆತ್ತಿನವ’ ಅಂತ ನನ್ನ ಕೈಯಲ್ಲೇ ಬರೆದಿಟ್ಟಿದ್ದೆ. ಕಂಪ್ಯೂಟರಿಗೆ ಏರಿಸುವಾಗ ಅವನ್ನೆಲ್ಲ ಬಿಟ್ಟವನೂ ನಾನೇ. ‘ಇದರಾಗ ಏನರ ಬಿಟ್ಟೇವೇನು ಕಾಕಾ?’ ಅಂತ ಸಣ್ಣವರು ಆಗ ಕೇಳಿದ್ದರು. ‘ಏನಿಲ್ಲರೀ’ ಅಂದಿದ್ದೆ. ಬೆಂಗಳೂರಲ್ಲಿ ಕೆಲಸ ಮಾಡಿ ಬಂದವರ ಮುಂದೆ ಕುಂಟೆತ್ತಿನ ಮಾತು ಹೇಳಲು ನಾಚಿಕೆ. ಹೊಸಬರು ಹಳೆಯದನ್ನು ಕೇಳುವುದಿಲ್ಲ ಅಂತ ನಾವು ದೂರುತ್ತೇವೆ. ಅವರು ಕೇಳಿದ್ದರು. ಮುಚ್ಚಿಟ್ಟವನು ನಾನು.

ದೊಡ್ಡವರ ಕಾಲದಲ್ಲಾಗಿದ್ದರೆ ಹಮಾಲರ ಮುಂದೆಯೇ ನನ್ನ ಮಾನ ಹರಾಜಾಗುತ್ತಿತ್ತು. ಸಣ್ಣವರು ರೈತನನ್ನು ಕೂರಿಸಿ ಚಹಾ ಕೊಡಿಸಿದರು. ‘ತಪ್ಪು ನಮ್ದ್ರೀ ಯಜಮಾನ್ರ’ ಅಂದು ಆಗಲೇ ಅಂಗಡಿ ಖಾತೆಯಿಂದ ಹಣ ಹಾಕಿದರು. ನನ್ನದು ಅನ್ನಲಿಲ್ಲ, ನಮ್ಮದು ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ಹಳೇ ಬುಕ್ಕಿನಾಗ ಹೆಂಗ ಬರೀತಿದ್ರಿ? ತೋರಸ್ರಿ’ ಅಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಗಾದಿಯ ಮೇಲಿಂದ ಎಲ್ಲ ಕೇಳಿಸಿಕೊಂಡ ದೊಡ್ಡವರು ಫೋನ್ ಎತ್ತಿದರು. ನಂಬರ್ ಅವರಿಗೆ ಬಾಯಿಪಾಠ. ‘ಏ ತಮ್ಮಾ, ನಿನ್ನ ಅಕೌಂಟಿಗೆ ಬಂದ ರೊಕ್ಕ ನಿಂದಲ್ಲೋ!’ ಆ ಕಡೆಯಿಂದ, ‘ಬೆಳೆವಿಮಿ ಬಂತು ಅಂತ ತಿಳದಿದ್ನಿರೀ ಯಪ್ಪಾ!’ ಮಾರನೇ ದಿನವೇ ತಂದುಕೊಟ್ಟ. 12,000 ಆಗಲೇ ಪೈಪಿಗೆ ಖರ್ಚಾಗಿತ್ತು. ಅದನ್ನು ಅವನ ಮುಂದಿನ ಲಾಟಿನಲ್ಲಿ ಹಿಡಿದುಕೊಂಡೆವು.

ಆ ಭಾನುವಾರ ಸಾಫ್ಟ್‌ವೇರಿನಲ್ಲಿ ‘ಗುರುತು’ ಅಂತ ಹೊಸ ಕಾಲಂ ಸೇರಿತು. ದೊಡ್ಡವರು ಹೇಳುತ್ತಾ ಹೋದರು, ಸಣ್ಣವರು ಟೈಪ್ ಮಾಡಿದರು, ನಾನು ಹಳೇ ಪುಸ್ತಕ ಹಿಡಿದು ತಾಳೆ ನೋಡಿದೆ. ಕೆರೀ ದಂಡಿಯವ. ಮೂರು ಹೆಣ್ಮಕ್ಕಳ ಅಪ್ಪ. ಗ್ವಾಡಿ ಬಿದ್ದ ಮನಿ. ಸಾಲ ಕೇಳಿದ್ರ ಅಳಾಂವ.

ಸಣ್ಣವರ ಕೈ ಅಲ್ಲಿಗೆ ನಿಂತಿತು. ‘ಅಪ್ಪಾ, ಇದು ಬಿಲ್ಲಿನ ಮ್ಯಾಲೆ ಪ್ರಿಂಟ್ ಆಗತೈತಿ!’

‘ಆಗಲಿ ಬಿಡು,’ ಅಂದರು ದೊಡ್ಡವರು. ‘ಅವಂಗೂ ಗೊತ್ತಾಗಲಿ.’