ಹುದೈಬಿಯಾದಲ್ಲಿ ಅಳಿಸಿದ ಎರಡು ಪದಗಳು

ಹುಟ್ಟುವ ಮೊದಲೇ ತಂದೆಯನ್ನೂ ಎಳವೆಯಲ್ಲೇ ತಾಯಿಯನ್ನೂ ಕಳೆದುಕೊಂಡ ಮುಹಮ್ಮದರಿಗೆ ಸುಮಾರು 610ರಲ್ಲಿ, ಮಕ್ಕಾ ಸಮೀಪದ ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ದೊರೆಯಿತೆಂಬುದು ಮುಸ್ಲಿಮರ ನಂಬಿಕೆ. ಮಕ್ಕಾದ ಪ್ರಬಲ ಬುಡಕಟ್ಟಾದ ಕುರೈಶರ ಹಿಂಸೆ ಹೆಚ್ಚಿದಾಗ ಅವರು 622ರಲ್ಲಿ ಯಸ್ರಿಬ್‌ಗೆ, ಅಂದರೆ ಇಂದಿನ ಮದೀನಾಕ್ಕೆ ವಲಸೆ ಹೋದರು. ಮುಸ್ಲಿಮರ ಹಿಜರಿ ಶಕೆ ಆರಂಭವಾಗುವುದು ಆ ವರ್ಷದಿಂದಲೇ.

ಅವರ ಬದುಕಿನಲ್ಲಿ ನನ್ನನ್ನು ಅತಿಯಾಗಿ ಸೆಳೆಯುವುದು ಬದ್ರ್ ಅಥವಾ ಉಹುದ್‌ನ ಯುದ್ಧಗಳಲ್ಲ, 628ರಲ್ಲಿ ಮಕ್ಕಾ ಸಮೀಪದ ಹುದೈಬಿಯಾದಲ್ಲಿ ಕುರೈಶರೊಡನೆ ಆದ ಒಪ್ಪಂದ. ಮಕ್ಕಾದ ಪವಿತ್ರ ಕಾಬಾ ಯಾತ್ರೆಗೆಂದು ಹೊರಟಿದ್ದ ಮುಹಮ್ಮದರನ್ನೂ ಅನುಯಾಯಿಗಳನ್ನೂ ಕುರೈಶರು ದಾರಿಯಲ್ಲೇ ತಡೆದರು. ಕರಾರುಪತ್ರ ಬರೆಯುವಾಗ ಮುಹಮ್ಮದರ ಹೆಸರಿನೊಂದಿಗಿದ್ದ ‘ಅಲ್ಲಾಹನ ಸಂದೇಶವಾಹಕ’ ಎಂಬ ಮಾತಿಗೆ ಕುರೈಶರ ಪ್ರತಿನಿಧಿ ಸುಹೈಲ್ ಇಬ್ನ್ ಅಮ್ರ್ ಆಕ್ಷೇಪಿಸಿದ. ಅದನ್ನು ಅಳಿಸಲು ಲಿಪಿಕಾರರಾಗಿದ್ದ ಅಲಿಯವರ ಮನಸ್ಸು ಒಪ್ಪಲಿಲ್ಲ. ಆಗ ಆ ಪದಗಳು ಎಲ್ಲಿವೆಯೆಂದು ಕೇಳಿ ತಿಳಿದು ಪ್ರವಾದಿಯವರೇ ಅಳಿಸಿದರೆಂದೂ, ಆ ಜಾಗದಲ್ಲಿ ‘ಅಬ್ದುಲ್ಲಾಹರ ಮಗ ಮುಹಮ್ಮದ್’ ಎಂದು ಬರೆಸಿದರೆಂದೂ ಅವರ ನಡೆನುಡಿಗಳ ವರದಿಗಳಾದ ಹದೀಸ್‌ಗಳು ಹೇಳುತ್ತವೆ. ಆ ವರ್ಷ ಯಾತ್ರೆಯಿಲ್ಲದೆ ಹಿಂದಿರುಗಬೇಕೆಂಬ ಷರತ್ತು ಉಮರ್‌ರಂಥ ಆಪ್ತರನ್ನೇ ನೋಯಿಸಿತ್ತು. ತನ್ನವರ ಅಸಮಾಧಾನವನ್ನು ತಾಳಿಕೊಂಡು ಶಾಂತಿಯನ್ನು ಆರಿಸಿಕೊಳ್ಳುವುದು ಯುದ್ಧ ಗೆಲ್ಲುವುದಕ್ಕಿಂತ ಕಠಿಣವೆಂದೇ ನನಗನಿಸುತ್ತದೆ.

ಕುರೈಶರ ಮಿತ್ರಪಕ್ಷದಿಂದಲೇ ಒಪ್ಪಂದ ಮುರಿದುಬಿದ್ದ ಮೇಲೆ, 630ರಲ್ಲಿ ಮಕ್ಕಾ ಹೆಚ್ಚಿನ ರಕ್ತಪಾತವಿಲ್ಲದೆ ಶರಣಾಯಿತು. ಆನಂತರ ಸುಹೈಲ್ ಕೂಡ ಇಸ್ಲಾಂ ಸ್ವೀಕರಿಸಿದ.